ಮಂಜಿನಲ್ಲಿ ಕೇಳಿದ ಕೂಗು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮುಖ ತಿರುಗಿಸಿ ನಗುತ್ತಿದ್ದವಳು ನಾನು. ಹೆದರಿದವರ ಕಿವಿಗೆ ಏನು ಬೇಕಾದರೂ ಕೇಳಿಸುತ್ತದೆ ಎಂದು ವಾದವನ್ನೂ ಮಾಡುತ್ತಿದ್ದೆ. ಈಗ ನನ್ನದೇ ಕಥೆಗೆ ನೀವು ನಕ್ಕರೆ ಬೇಸರವಿಲ್ಲ.

ಮದುವೆಯಾಗಿ ಮಂಜಗುಣಿಯಿಂದ ಕಾರವಾರದ ಹತ್ತಿರದ ಕಿನ್ನರಕ್ಕೆ ಬಂದ ಮೊದಲ ವರ್ಷ. ನನ್ನ ತವರು ಕನ್ನಡದ ಮನೆ, ಗಂಡ ಸುದೇಶನದು ಕೊಂಕಣಿ. ಇಬ್ಬರಿಗೂ ಕಾರವಾರದಲ್ಲಿ ಕೆಲಸ. ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಗುಡ್ಡವನ್ನು ಒಂದು ಭಾನುವಾರ ಹತ್ತಿಯೇ ಬಿಡೋಣ ಎಂದು ಹೊರಟೆವು. ಮಳೆಗಾಲ ಮುಗಿಯುತ್ತ ಬಂದಿತ್ತು. ಒಮ್ಮೆ ಚುರುಕು ಬಿಸಿಲು, ಒಮ್ಮೆ ಸಮುದ್ರದ ಕಡೆಯಿಂದ ಕಪ್ಪು ಮೋಡ. ಅತ್ತೆ ಅಂಗಳದಲ್ಲಿ ನಿಂತು ಆಕಾಶ ನೋಡಿ, “ಇವತ್ತೇ ಹೋಗ್ಬೇಕಾ?” ಎಂದರು.

“ಮಳೆ ಬರೂದಿಲ್ಲ ಆಯಿ,” ಎಂದ ಸುದೇಶ.

ಮುಕ್ಕಾಲು ಗುಡ್ಡ ಹತ್ತುವವರೆಗೂ ಅವನ ಮಾತು ನಿಜವೇ ಆಯಿತು. ಬಂಡೆಯ ಮೇಲೆ ಕೂತು ಅವಲಕ್ಕಿ ತಿಂದೆವು. ಕೆಳಗೆ ಕಾಳಿ ನದಿ ಹೊಳೆಯುತ್ತಿತ್ತು. ಅಷ್ಟು ಸುಖವಾಗಿ ನಾವು ಸುಮ್ಮನೆ ಕೂತದ್ದೇ ಇರಲಿಲ್ಲ.

ಎದ್ದು ಹೊರಡುವಷ್ಟರಲ್ಲಿ ಮಂಜು ಕವಿಯಿತು. ಪಕ್ಕದಲ್ಲಿದ್ದವನ ಅಂಗಿಯ ಬಣ್ಣವೂ ಕಾಣದಷ್ಟು. ಕೈ ಹಿಡಿದುಕೊಂಡು, ಕಾಲುದಾರಿ ಇದೇ ಇರಬೇಕೆಂದು ಇಳಿಯತೊಡಗಿದೆವು.

ಆಗ ಕೇಳಿಸಿತು. ಎದುರಿನಿಂದ, ತುಸು ಕೆಳಗಿನಿಂದ, ಒಬ್ಬ ಹೆಂಗಸಿನ ದನಿ. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕರೆದ ಹಾಗೆ: “ಏ ತಂಗೀ, ಅಲ್ಲೇ ನಿಂತ್ಕ!”

ನಾನು ನಿಂತೆ. ಸುದೇಶನೂ ಅದೇ ಗಳಿಗೆಗೆ ನಿಂತ. “ಓ” ಎಂದು ಕೂಗಿದೆವು, ಉತ್ತರವಿಲ್ಲ. ಅಲ್ಲೇ ಕೂತೆವು. ಮಳೆ ಬಂತು, ಪೂರ್ತಿ ನೆನೆದೆವು, ಮಳೆ ಹೋಯಿತು. ಮಂಜು ಸರಿದಾಗ ನೋಡಿದರೆ ನಾಲ್ಕು ಹೆಜ್ಜೆ ಮುಂದೆ ನೆಲವೇ ಇಲ್ಲ. ನಾವು ಹತ್ತಿಬಂದ ದಾರಿ ಅದಲ್ಲ; ಆ ಮಳೆಗಾಲದಲ್ಲೇ ಯಾವಾಗಲೋ ಗುಡ್ಡ ಕುಸಿದು ಆ ದಾರಿಯೆಲ್ಲ ಕೆಂಪು ಮಣ್ಣಾಗಿ ಆಳಕ್ಕೆ ಜಾರಿಹೋಗಿತ್ತು.

“ಆ ಹೆಂಗಸು ಎಲ್ಲಿ?” ಎಂದೆ, ಸಾವರಿಸಿಕೊಂಡು.

“ಯಾವ ಹೆಂಗಸು? ಕರ್ದದ್ದು ಮುದುಕ ಅಲ್ವಾ? ‘ರಾವ್ ಪುತಾ, ರಾವ್’ ಹೇಳಿ. ನಿಲ್ಲು ಮಗಾ ಅಂತ, ಕೊಂಕಣಿಲಿ.”

“ಕನ್ನಡ ಮಾರಾಯ! ತಂಗಿ ಅಂದದ್ದು ನಂಗೆ ಸಮಾ ಕೇಳಿದೆ.”

ಅವನು ನನ್ನ ಮುಖ ನೋಡಿದ, ನಾನು ಅವನದನ್ನು ನೋಡಿದೆ. ವಿಚಿತ್ರವೆಂದರೆ ಭಯವಾಗಲಿಲ್ಲ. ನಮ್ಮವರೇ ಯಾರೋ ಬಂದು ಹೋದಂತೆ ಮನಸ್ಸು ತಣ್ಣಗಿತ್ತು. ಮೇಲ್ಗಡೆಯಿಂದ ಸುತ್ತು ಹಾಕಿ ಇಳಿದೆವು.

ಮನೆಯಲ್ಲಿ ಹೇಳಿದಾಗ ಅತ್ತೆ ಟವೆಲ್ ಕೊಡುತ್ತ, “ಇಬ್ರೂ ನಿಂತ್ರಲ್ಲ, ಸಾಕು. ಮೊದ್ಲು ತಲೆ ಒರೆಸ್ಕೊಳ್ಳಿ,” ಎಂದರು.

ಬೇಸಿಗೆಯಲ್ಲಿ ಮತ್ತೆ ಹೋಗಿ ನೋಡಿದೆವು. ಕುಸಿದ ಜಾಗದ ಕೆಳಗೆ ಮನೆಯಿಲ್ಲ, ಗದ್ದೆಯಿಲ್ಲ, ಬರೀ ಕಾಡು. ಸೌದೆಗೆ ಹೋದವರು ಕೂಗಿರಬಹುದು, ಒಂದೇ ಕೂಗು ಇಬ್ಬರಿಗೆ ಬೇರೆಬೇರೆಯಾಗಿ ಕೇಳಿರಬಹುದು. ಈ ವಿಷಯದಲ್ಲಿ ನಾವು ಇಂದಿಗೂ ಜಗಳವಾಡುತ್ತೇವೆ, ಆಮೇಲೆ ನಗುತ್ತೇವೆ. ಆದರೆ ನಮಗೇ ನಾವು ಕಾಣದಿದ್ದ ಆ ಮಂಜಿನಲ್ಲಿ ನಮ್ಮನ್ನು ಕಂಡವರು ಯಾರು? ನಾನು ಕನ್ನಡದವಳು, ಅವನು ಕೊಂಕಣಿಯವನು ಎಂದು ಅವರಿಗೆ ಹೇಗೆ ತಿಳಿಯಿತು? ನನಗೆ ಗೊತ್ತಿಲ್ಲ.