ಹಾಲುಕ್ಕಿಸಿದ ವ್ಯಾನು

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಲಾರಿ ಡ್ರೈವರು, ಒಳಗೇ ಮಂಚ, ಸ್ಟೌ ಇದ್ದ ಹಳೇ ವ್ಯಾನೊಂದನ್ನು ಶಿರಾದ ಗುಜರಿಯಿಂದ ಎಳೆಸಿ ತಂದು ಅಂಗಳದಲ್ಲಿ ನಿಲ್ಲಿಸಿದರು. ತುಕ್ಕು ಕೆರೆಯುವಾಗಲೆಲ್ಲ ಹೆಂಡತಿಗೆ ಒಂದೇ ಮಾತು: "ಚಕ್ರ ಇರಾದೇ ಉರುಳಾಕೆ ಕಣಮ್ಮ. ಕನ್ಯಾಕುಮಾರಿ ಗಂಟ ಓಗ್ಬುಡಾನ."

ಕೆಲಸ ಮುಗಿದ ದಿನ, "ಇದೂ ಮನೇನೇ ಅಲ್ವಾ" ಎಂದು ಹಿಗ್ಗಿ, ಹೆಂಡತಿಯ ಕೈಲಿ ಅದರೊಳಗೆ ಹಾಲುಕ್ಕಿಸಿದರು. ಮನೆಯೆಂದ ಮೇಲೆ ತುಳಸಿ ಬೇಡವೇ? ಆಕೆ ಬಂಪರಿನ ಎದುರಿಗೇ ನೆಟ್ಟರು.

ತಿಂಗಳು ಕಳೆದು ಹೊರಡುವ ಬೆಳಿಗ್ಗೆ ನೋಡಿದರೆ ಹಿಂದೆ ಗೋಡೆ, ಮುಂದೆ ತುಳಸಿ.

"ಬೇರು ಬುಟ್ಟೈತೆ. ಕಿತ್ತಾಕ್ಬುಟ್ಟು ಓಗಾದಾ?" ಎಂದರು ಆಕೆ.

ಅವರು ಕೀಳಲಿಲ್ಲ. ಆಮೇಲೆ ದಿನಾ ಸ್ಟೇರಿಂಗ್ ಹಿಡಿದು ಕೂತು ಎಂಜಿನ್ ಶುರು ಮಾಡುತ್ತಿದ್ದರು. ಎದುರಿಗೆ ತುಳಸಿಯ ಎಲೆಗಳು ಅದುರುತ್ತಿದ್ದವು. ಸ್ವಲ್ಪ ಹೊತ್ತಿಗೆ ಆಫ್ ಮಾಡಿ, ಕೆಳಗಿಳಿದು, ಅದಕ್ಕೆ ತಾವೇ ಒಂದು ಚೊಂಬು ನೀರು ಹುಯ್ಯುತ್ತಿದ್ದರು.