ಗರಸು ನೆಲದಲ್ಲಿ ಕಾಕಡ

ಮದುವೆಯಾಗಿ ಸೊಕ್ಕೆಗೆ ಬಂದ ಮರುದಿನ ಬೆಳಿಗ್ಗೆ ನಾನು ಮುಖ ತೊಳೆದು, ತಂಬಿಗೆಯಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿದೆ. ಎದುರು ಮನೆಯ ತಿಪ್ಪಮ್ಮ ಕಸ ಗುಡಿಸುತ್ತಿದ್ದವರು ಹಾಗೇ ನಿಂತುಬಿಟ್ಟರು. ಅವರು ನೋಡಿದ್ದು ಹೊಸ ಮದುಮಗಳನ್ನಲ್ಲ, ಆ ಒದ್ದೆ ನೆಲವನ್ನು. ನೀರು ಇಂಗಿಹೋದ ಮೇಲೂ ಅವರ ಕಣ್ಣು ಅಲ್ಲೇ ಇತ್ತು. ಬೈಯಲಿಲ್ಲ, ನಗಲೂ ಇಲ್ಲ. "ಅದನ್ನ ಬಕೆಟ್ಟಿಗೆ ಹಾಕಿದ್ರೆ ಪಾತ್ರೆ ತೊಳಿಯಾಕೆ ಆಗ್ತಿತ್ತು ನೋಡ್ರಿ" ಎಂದಷ್ಟೇ ಹೇಳಿ ಮತ್ತೆ ಪೊರಕೆ ಎತ್ತಿಕೊಂಡರು. ನಾನು ಖಾಲಿ ತಂಬಿಗೆ ಹಿಡಿದುಕೊಂಡು, ಯಾವ ದೇಶಕ್ಕೆ ಬಂದೆನಪ್ಪಾ ಎಂದು ನಿಂತೆ.

ದೇಶವೇನೂ ಬೇರೆಯಲ್ಲ. ನನ್ನ ತವರು ಗೋವಿನಕೋವಿಯಲ್ಲಿ ಬೆಳಗಿನ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇನ್ನೊಂದು ಹಿಡಿದರೆ ಊಟದ ಹೊತ್ತಿಗೆಲ್ಲ ಸೊಕ್ಕೆ. ಜಿಲ್ಲೆ ಒಂದೇ, ಮಾತೂ ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಹೊನ್ನಾಳಿ, ನ್ಯಾಮತಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ: ಗದ್ದೆ ಮುಗಿದು, ತೋಟ ಮುಗಿದು, ಕಿಟಕಿಯಾಚೆ ಬರೀ ಕೆಂಪು ನೆಲ, ಜಾಲಿ, ಮೆಕ್ಕೆಜೋಳದ ಕೂಳೆ ಶುರುವಾದಾಗ ನನ್ನ ನಾಲಿಗೆ ತಾನಾಗಿ ಒಣಗಿತ್ತು.

ಆಗ ನನಗೆ ನಲವತ್ತು ದಾಟಿತ್ತು. ಅಮ್ಮನನ್ನು ನೋಡಿಕೊಳ್ಳುತ್ತಾ, ಊರವರ ರವಿಕೆ ಹೊಲಿಯುತ್ತಾ ವಯಸ್ಸು ಕಳೆದಿದ್ದೆ. ಅಮ್ಮ ತೀರಿಕೊಂಡ ಮೇಲೆ ಸಂಬಂಧಿಕರೊಬ್ಬರು ಬಸವರಾಜ ಅವರ ವಿಷಯ ತಂದರು. ಸೊಕ್ಕೆಯ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಮಾರುವ ಸಣ್ಣ ಹೋಟೆಲು. ಹೆಂಡತಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಒಬ್ಬಳೇ ಮಗಳು ನೇತ್ರಾ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಯೋಚನೆ ಮಾಡು ಅಂತ ನನ್ನ ತಮ್ಮ ಅಂದ. ನಾನು ಯೋಚನೆ ಮಾಡಿಯೇ ಒಪ್ಪಿದೆ.

ಬಂದ ಹೊಸದರಲ್ಲಿ ಎಲ್ಲವೂ ಕಲಿಯಬೇಕಾಯಿತು. ಅಲ್ಲಿ ಎರಡು ಹೊತ್ತೂ ಅನ್ನ ಉಂಡವಳು ಇಲ್ಲಿ ಮುದ್ದೆ ತೊಳಸುವುದನ್ನು ಕಲಿತೆ. ಮೊದಲ ವಾರದ ಮುದ್ದೆಗಳಲ್ಲಿ ಹಸಿ ಹಿಟ್ಟಿನ ಗಂಟುಗಳು ಸಿಗುತ್ತಿದ್ದವು. ಯಜಮಾನರು ಅವನ್ನು ತಟ್ಟೆಯ ಅಂಚಿಗೆ ಸರಿಸಿ ಸುಮ್ಮನೆ ಉಣ್ಣುತ್ತಿದ್ದರು. ನೀರಿಗೂ ಇಲ್ಲಿ ಬೇರೆ ಬೇರೆ ಹೆಸರು. ಕುಡಿಯಲು ಕ್ಯಾನಿನಲ್ಲಿ ತರುವುದು ಸಿಹಿನೀರು. ಬೋರಿನಿಂದ ಬರುವುದು ಸವಳು ನೀರು, ಅಂದರೆ ಉಪ್ಪಿನಂಶದ ಗಡಸು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ. ನೆಲಕ್ಕೆ ಗರಸು ಎನ್ನುತ್ತಾರೆ. ಗೇಣು ಮಣ್ಣಿನ ಕೆಳಗೆ ಕಲ್ಲುಪುಡಿಯಂತೆ ಬಿಗಿದುಕೊಂಡಿರುವ ಪದರ.

ನೇತ್ರಾ ಭಾನುವಾರಗಳಲ್ಲಿ ಬರುತ್ತಿದ್ದಳು. ಒರಟಾಗಿ ಎಂದೂ ನಡೆದುಕೊಳ್ಳಲಿಲ್ಲ. ನೀವು, ತಾವು ಎಂದು ಮಾತಾಡುವಳು, ತಿಂದ ತಟ್ಟೆ ತಾನೇ ತೊಳೆಯುವಳು, ಬಂದ ನೆಂಟರ ಹಾಗೆ ಮೆಲ್ಲಗೆ ಬಾಗಿಲು ಹಾಕಿಕೊಳ್ಳುವಳು. ಅವಳು ಬಂದು ಹೋದ ಮೇಲೆ ಮನೆ ಇನ್ನಷ್ಟು ಖಾಲಿ ಅನ್ನಿಸುತ್ತಿತ್ತು. ಯಜಮಾನರು ಹೋಟೆಲಿಗೆ ಹೋದರೆ ನನಗೆ ಮಾತಾಡಲು ಹೊಲಿಗೆ ಮಿಷನ್ ಒಂದೇ.

ಹೂವಿನ ಗಿಡ ಹಾಕುವ ಯೋಚನೆ ಬಂದದ್ದು ಆ ಒಂಟಿತನದಲ್ಲಿ. ಗೋವಿನಕೋವಿಯ ಮನೆ ಸುತ್ತ ಅಮ್ಮ ಬೆಳೆಸಿದ ಮಲ್ಲಿಗೆ, ದಾಸವಾಳ ಇದ್ದವು. ನಾನು ಅವನ್ನು ಕಿತ್ತವಳೇ ಹೊರತು ನೆಟ್ಟವಳಲ್ಲ. ಅಲ್ಲಿ ಕಡ್ಡಿ ಬಿಸಾಕಿದರೂ ಚಿಗುರುತ್ತದೆ, ಅದರಲ್ಲಿ ಕಲಿಯುವುದೇನು ಎಂದುಕೊಂಡಿದ್ದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಜಾಗ ಆರಿಸಿಕೊಂಡೆ. ಅಂದು ನೇತ್ರಾ ಮನೆಯಲ್ಲಿದ್ದಳು. ನಾನು ಗುದ್ದಲಿ ಎತ್ತಿದ್ದು ಕಂಡು ಹೊರಗೆ ಬಂದಳು.

"ಅಲ್ಲಿ ಹಚ್ಚಬ್ಯಾಡ್ರಿ. ಅಲ್ಲಿ ಅವ್ವನ ಮಲ್ಲಿಗೆ ಇತ್ತು."

ಅದು ಅವಳು ನನ್ನೊಂದಿಗೆ ತಾನಾಗಿ ಆಡಿದ ಮೊದಲ ಮಾತು. ನಾನು ಗುದ್ದಲಿ ಎತ್ತಿಕೊಂಡು ಹಿತ್ತಲಿನ ಇನ್ನೊಂದು ಬದಿಗೆ ಹೋದೆ.

ತವರಿಗೆ ಹೋದಾಗ ಹೊನ್ನಾಳಿಯಲ್ಲಿ ಗುಲಾಬಿ, ದುಂಡುಮಲ್ಲಿಗೆ, ಸೇವಂತಿಗೆ ಸಸಿಗಳನ್ನು ಕೊಂಡು, ಗೋಣಿಚೀಲದಲ್ಲಿ ನಿಲ್ಲಿಸಿ, ಎರಡು ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ತಂದೆ. ಗೇಣುದ್ದ ಗುಂಡಿ ತೆಗೆದೆ, ಏಕೆಂದರೆ ಅದಕ್ಕಿಂತ ಕೆಳಗೆ ಗುದ್ದಲಿ ಇಳಿಯಲಿಲ್ಲ. ಗಿಡಕ್ಕೆ ಬಲ ಬರಲಿ ಎಂದು ಹಸಿ ಸಗಣಿ ತುಂಬಿದೆ. ಬೋರಿನ ನೀರು ಧಾರಾಳವಾಗಿ ಹಾಕಿದೆ. ಕೆಲವೇ ವಾರಗಳಲ್ಲಿ ಎಲೆಗಳ ಅಂಚು ಸುಟ್ಟ ಹಾಗೆ ಕಂದಿತು. ಗುಲಾಬಿ ಮೊದಲು ಹೋಯಿತು. ಮಲ್ಲಿಗೆಯ ಬೇರು ಸಗಣಿಯ ಕಾವಿಗೆ ಕೊಳೆತಿತ್ತು. ಉಳಿದ ಸೇವಂತಿಗೆಯನ್ನು ಯಾರದೋ ಆಡುಗಳು ಒಂದು ಮಧ್ಯಾಹ್ನ ಬಂದು ಮುಗಿಸಿದವು.

ಯಜಮಾನರು ಸಮಾಧಾನ ಹೇಳಿದರು. ಜಗಳೂರಿನಿಂದ ದಿನಾ ಬಸ್ಸಿಗೆ ಹೂವು ಬರುತ್ತದೆ, ನಾನೇ ತಂದುಕೊಡುತ್ತೇನೆ, ಯಾಕೆ ಸುಮ್ಮನೆ ಮೈ ನೋಯಿಸಿಕೊಳ್ಳುತ್ತೀಯ ಎಂದರು. ತಿಪ್ಪಮ್ಮನಂತೂ ಈ ಹಿತ್ತಲಲ್ಲಿ ಹೂವು ಆಗುವುದೇ ಇಲ್ಲ ಎಂದು ತೀರ್ಪು ಕೊಟ್ಟರು. ಅವರಿಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಬಾಡಿದ ಕಡ್ಡಿಗಳನ್ನು ಕಿತ್ತು ಒಲೆಗೆ ಹಾಕುವಾಗ ನನಗೆ ಹಟ ಬಂತು. ನಾನು ಈ ಊರಲ್ಲಿ ಉಳಿಯುವುದಾದರೆ ಈ ನೆಲದಲ್ಲಿ ಏನಾದರೊಂದು ಉಳಿಯಲೇಬೇಕು. ಒಂದು ಹಂಗಾಮಿಗೆ ಹೂ ಬಿಟ್ಟು ಒಣಗುವುದಲ್ಲ, ವರ್ಷ ವರ್ಷವೂ ಅದೇ ಬೇರಿನಿಂದ ಚಿಗುರುವಂಥದ್ದು.

ಮುಂದಿನ ಬೇಸಿಗೆ ಪೂರ್ತಿ ಗಿಡ ತರಲಿಲ್ಲ, ನೆಲ ತಯಾರಿಸಿದೆ. ಹಾರೆಯಲ್ಲಿ ಗರಸು ಒಡೆದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಸೂಜಿ ಹಿಡಿಯಲಾಗದೆ ರವಿಕೆಗಳು ಬಾಕಿ ಬಿದ್ದವು. ಅದನ್ನು ನೋಡಿ ಯಜಮಾನರು ಹೋಟೆಲಿಗೆ ಹೋಗುವ ಮುನ್ನ ತಾವೂ ಒಂದಷ್ಟು ಅಗೆಯತೊಡಗಿದರು. ಮೊಣಕಾಲುದ್ದದ ಗುಂಡಿಗಳನ್ನು ಬಿಸಿಲಿಗೆ ಬಿಟ್ಟೆವು. ಕೆರೆಯ ಹೂಳು ಹೊಡೆಯುತ್ತಿದ್ದ ಟ್ರ್ಯಾಕ್ಟರಿನವರನ್ನು ಕೇಳಿ ಗೋಡುಮಣ್ಣು ಹಾಕಿಸಿಕೊಂಡೆ. ಅದಕ್ಕೆ ಹಳೆಯ, ಪುಡಿಪುಡಿಯಾದ ತಿಪ್ಪೆಗೊಬ್ಬರ ಬೆರೆಸಿದೆ. ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದೆ. ಮಾಳಿಗೆಯ ಮಳೆನೀರು ಡ್ರಮ್ಮಿಗೆ ಬೀಳುವಂತೆ ಪೈಪು ಹಾಕಿಸಿದೆ. ಅಕ್ಕಿ, ತರಕಾರಿ ತೊಳೆದ ನೀರಿಗೆ ಬೇರೆ ಬಕೆಟ್ಟು ಇಟ್ಟೆ.

ಮಳೆ ಹಿಡಿದ ಮೇಲೆ, ಈ ಊರಲ್ಲೇ ಬದುಕಿರುವ ಗಿಡಗಳ ಕಡ್ಡಿಗಳನ್ನೇ ಕೇಳಿಕೊಂಡು ಮನೆ ಮನೆಗೆ ಹೋದೆ. ಒಂದು ಮನೆಯಲ್ಲಿ ಆಡು ಬಾಯಿ ಹಾಕದ ಕಣಗಿಲೆ, ಇನ್ನೊಂದರಲ್ಲಿ ದಾಸವಾಳ, ನಂದಿಬಟ್ಟಲು. ತಿಪ್ಪಮ್ಮ ತವರಿನಿಂದ ಕಾಕಡದ ಕಡ್ಡಿ ತರಿಸಿಕೊಟ್ಟರು. ಕಾಕಡ ಮಲ್ಲಿಗೆಯ ಜಾತಿಯದೇ. ಘಮ ಕಡಿಮೆ, ಗಟ್ಟಿತನ ಹೆಚ್ಚು. ಕಡ್ಡಿ ಕೇಳಲು ಹೋದಲ್ಲೆಲ್ಲ ಕೂತು ಚಹಾ ಕುಡಿಯಬೇಕಾಯಿತು. ಅಲ್ಲಿಯವರೆಗೆ ನನ್ನನ್ನು ಹೋಟೆಲ್ ಬಸಣ್ಣನ ಹೆಂಡತಿ ಎನ್ನುತ್ತಿದ್ದವರು ಗಿಡ ನೆಡುವ ಗಿರಿಜಮ್ಮ ಎನ್ನತೊಡಗಿದರು. ನನಗೆ ಈ ಊರಲ್ಲಿ ಸಿಕ್ಕ ಮೊದಲ ಗೆಲುವು ಹೂವಲ್ಲ, ಹೆಸರು.

ಹೂವೂ ಬಂತು. ಮೊದಲು ದಾಸವಾಳ, ಆಮೇಲೆ ಕಾಕಡ. ನೇತ್ರಾ ಹಾಸ್ಟೆಲಿಗೆ ಹೊರಡುವಾಗ ಅವಳ ಜಡೆಯಲ್ಲಿ ನಾನು ಕಟ್ಟಿಟ್ಟ ಮಾಲೆ ಇರುತ್ತಿತ್ತು. ಚಳಿಗಾಲದಲ್ಲಿ ಕಾಕಡವನ್ನು ಕತ್ತರಿಸಬೇಕು, ಇಲ್ಲದಿದ್ದರೆ ಬಳ್ಳಿಯಾಗಿ ಹಬ್ಬಿ ಹೂವು ಕಮ್ಮಿಯಾಗುತ್ತದೆ ಎಂದು ತಿಪ್ಪಮ್ಮ ಹೇಳಿದ್ದರು. ಅಷ್ಟು ಕಷ್ಟಪಟ್ಟು ಬೆಳೆಸಿದ್ದಕ್ಕೆ ಕತ್ತರಿ ಹಾಕಲು ಕೈ ಬರಲಿಲ್ಲ. ಕೊನೆಗೆ ಮನಸ್ಸು ಗಟ್ಟಿ ಮಾಡಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೂ ತೆಗೆದೆ.

ಆ ಭಾನುವಾರ ನೇತ್ರಾ ಬಂದು ಹಿತ್ತಲಿಗೆ ಹೋದವಳು ತಿರುಗಿ ಬರಲಿಲ್ಲ. ನಾನು ಹೋಗಿ ನೋಡಿದರೆ ಬೋಳು ಕಡ್ಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಇದೂ ಹೋತಾ?" ಎಂದಳು.

ನಾನು ಪಕ್ಕದಲ್ಲಿ ಕೂತು ಉಗುರಿನಿಂದ ಒಂದು ಕಡ್ಡಿಯ ಸಿಪ್ಪೆ ಕೆರೆದು ತೋರಿಸಿದೆ. ಒಳಗೆ ಹಸಿರು ಒದ್ದೆಯಾಗಿ ಮಿಂಚಿತು. ಸತ್ತಿಲ್ಲ, ಚಿಗುರಲಿ ಅಂತ ನಾನೇ ಕತ್ತರಿಸಿದ್ದು ಎಂದೆ. ಅವಳು ಆ ಹಸಿರನ್ನು ಬಹಳ ಹೊತ್ತು ನೋಡಿದಳು.

"ಅವ್ವ ಆಸ್ಪತ್ರೆಯಾಗಿದ್ದಾಗ ಮಲ್ಲಿಗೆ ಹಿಂಗೇ ಬೋಳಾಗಿತ್ತು. ಒಣಗೈತೆ ಅಂತ ನಾನೇ ಕಿತ್ತು ಒಗದೆ. ಆಮ್ಯಾಕೆ ಅವ್ವನೂ ಬರಲಿಲ್ಲ. ಅದು ಬದುಕಿತ್ತೇನು?"

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ. "ಗೊತ್ತಿಲ್ಲ ನೇತ್ರಾ" ಎಂದೆ, "ಬದುಕಿರಬಹುದು, ಹೋಗಿರಲೂಬಹುದು. ನೀನಾಗ ಸಣ್ಣಾಕಿ, ನೋಡೋದು ಹೆಂಗೆ ಅಂತ ನಿಂಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಂಗೂ ಗೊತ್ತಿರಲಿಲ್ಲ, ಮೂರು ಗಿಡ ಕೊಂದ ಮ್ಯಾಲೆ ಕಲ್ತೆ."

ಅವಳು ಅತ್ತಳು. ನಾನು ಬೆನ್ನ ಮೇಲೆ ಕೈ ಇಟ್ಟೆ, ಅವಳು ಕೊಸರಿಕೊಳ್ಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಒಗೆಯುವ ಕಲ್ಲಿನ ಪಕ್ಕದ ಗುಂಡಿಯನ್ನು ಅವಳೇ ತೆಗೆದಳು, ದುಂಡುಮಲ್ಲಿಗೆಯನ್ನು ತಾನೇ ನೆಟ್ಟಳು. ನಾನು ಮಣ್ಣು ತುಂಬಿದೆ, ಅಷ್ಟೇ. ಇವತ್ತಿಗೂ ಅವಳು ನನ್ನನ್ನು ಅಮ್ಮ, ಚಿಕ್ಕಮ್ಮ ಎಂದು ಏನೂ ಕರೆಯುವುದಿಲ್ಲ. ಆದರೆ ಫೋನು ಮಾಡಿದರೆ ಗಿಡ ಹೆಂಗದಾವು ಎಂಬುದರಿಂದಲೇ ಮಾತು ಶುರು.

ಈ ವರ್ಷ ತಮ್ಮನ ಮಗುವಿನ ನಾಮಕರಣಕ್ಕೆ ಗೋವಿನಕೋವಿಗೆ ಹೋಗಿದ್ದೆ. ಅಲ್ಲಿ ಹಿಂದಿನ ವರ್ಷ ನಾನೇ ಕೊಟ್ಟಿದ್ದ ಸೊಕ್ಕೆಯ ಕಾಕಡದ ಕಡ್ಡಿ ಗೋಡೆ ದಾಟಿ ನಿಂತಿತ್ತು. ಯಾರೂ ಗುಂಡಿ ತೋಡಿರಲಿಲ್ಲ, ಗೊಬ್ಬರ ಹಾಕಿರಲಿಲ್ಲ. ನಾದಿನಿ ಬಚ್ಚಲ ನೀರು ಹೋಗುವಲ್ಲಿ ಚುಚ್ಚಿ ಮರೆತಿದ್ದಳಂತೆ. ನನ್ನ ಗಿಡ ಎರಡು ವರ್ಷದಲ್ಲಿ ಮುಟ್ಟಿದ ಎತ್ತರವನ್ನು ಅದು ಆರೇಳು ತಿಂಗಳಲ್ಲಿ ಮುಟ್ಟಿತ್ತು. ನೋಡಿ ಸಂತೋಷಪಡಬೇಕಾದವಳಿಗೆ ಹೊಟ್ಟೆಕಿಚ್ಚಾಯಿತು. ಆ ತಂಪು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದೆ. ಅದರಷ್ಟು ನನ್ನದಾದ ವಾಸನೆ ಜಗತ್ತಿನಲ್ಲಿ ಬೇರೆ ಇಲ್ಲ. ಆದರೆ ಇಲ್ಲಿ ಗಿಡ ಬೆಳೆಯುವುದಕ್ಕೆ ನಾನು ಬೇಕಾಗಿಲ್ಲ ಎನ್ನುವುದೂ ಆಗಲೇ ತಿಳಿಯಿತು.

ತಮ್ಮ ಇನ್ನೂ ಎರಡು ದಿನ ಇದ್ದು ಹೋಗಕ್ಕ ಎಂದು ಒತ್ತಾಯ ಮಾಡಿದ. ಯುಗಾದಿ ಕಳೆದು ಬಿಸಿಲು ಏರಿತ್ತು. ಬೆಳಗಿನ ಬಸ್ಸಿಗೇ ಹೊರಟೆ. ಹೊನ್ನಾಳಿ ದಾಟುವಾಗ ಪಕ್ಕದಲ್ಲಿ ಕೂತ ಹೆಂಗಸು ನಿಮ್ಮದು ಯಾವ ಊರು ಎಂದು ವಿಚಾರಿಸಿದರು. ಕಿಟಕಿಯಾಚೆ ತುಂಗಭದ್ರೆ ಕಾಣುತ್ತಿತ್ತು.

"ಗೋವಿನಕೋವಿ ರೀ" ಎಂದೆ. ಸ್ವಲ್ಪ ತಡೆದು, "ಸೊಕ್ಕೆಗೆ ಹೊಂಟೀನಿ, ಗಿಡಕ್ಕೆ ನೀರು ಹಾಕಾಕೆ" ಎಂದೆ.