ಚಿಲಕಕ್ಕೆ ಸಿಕ್ಕಿಸಿದ ಟೋಪಿ

ಹೋದ ತಿಂಗಳು, ಬಾರದ ಫೋನೊಂದನ್ನು ಬಂದಿದೆ ಎಂದು ಹೇಳಿದೆ. ಯಾಕೆ? ಪಕ್ಕದ ಮನೆಯೊಳಗೆ ಏನು ನಡೆದಿದೆ ಎಂದು ನೋಡಬೇಕಿತ್ತು. ಅಷ್ಟೇ. ಸುಳ್ಳು ಹೇಳಬೇಡಿ ಎಂದು ಮೊಮ್ಮಕ್ಕಳನ್ನು ಗದರುವ ಮುದುಕ ನಾನು!

ನಮ್ಮ ವಠಾರ ನಿಮಗೆ ಗೊತ್ತೇ ಇದೆ. (ಹೊಸಬರಿಗೆ ಹೇಳಿಬಿಡುತ್ತೇನೆ: ಹೈದರಾಬಾದಿನ ಒಂದೇ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದ ಆರು ಕನ್ನಡ ಮನೆಯವರು ಕೂಡಿ ಅಲ್ಲೇ ಜಾಗ ಕೊಂಡು ಕಟ್ಟಿಕೊಂಡದ್ದು.) ಮನೆ, ಅಡುಗೆಮನೆ ಅವರವರದು. ಅಂಗಳ, ಬೋರ್‌ವೆಲ್ಲು, ನಡುವಿನ ದೊಡ್ಡ ಹಾಲ್, ಅದರೊಳಗಿನ ಟಿ.ವಿ., ಟೆಲಿಫೋನು ಎಲ್ಲರದು. ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಎಲ್ಲರಿಗೂ ಒಂದೇ ಪಂಕ್ತಿ.

ಬಾಗಿಲು ತಟ್ಟುವ ಪದ್ಧತಿ ನಮ್ಮಲ್ಲಿಲ್ಲ. “ಏನ್ ಮಾಡಾಕತ್ತೀರಿ?” ಎನ್ನುತ್ತ ಒಳಗೆ ನುಗ್ಗುವುದೇ. ಅದಕ್ಕಿರುವ ತಡೆ ಒಂದೇ: ಟೋಪಿ.

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ದಿನಗಳಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವನು ಡ್ಯೂಟಿ ಟೋಪಿಯನ್ನು ಹೊರಗಿನ ಚಿಲಕಕ್ಕೆ ಸಿಕ್ಕಿಸಿ ಮಲಗುತ್ತಿದ್ದ. ಅದು ಕಂಡರೆ ಮೊಸರಿನವಳೂ ಕೂಗುತ್ತಿರಲಿಲ್ಲ. ಶಿಫ್ಟು ಹೋಯಿತು, ಟೋಪಿ ಉಳಿಯಿತು. ಈಗಲೂ ಚಿಲಕದಲ್ಲಿ ಟೋಪಿ ಇದ್ದರೆ ಆ ಮನೆಗೆ ಯಾರೂ ಹೋಗುವಂತಿಲ್ಲ.

ಪಕ್ಕದ ಮನೆಯ ಸುಮಿತ್ರಕ್ಕ ಕಲಬುರ್ಗಿ ಕಡೆಯವರು. ಯಜಮಾನರು ತೀರಿಕೊಂಡು ವರ್ಷವಾಗಿದೆ. ಹೋದ ತಿಂಗಳು ಅವರ ಬಾಗಿಲಲ್ಲಿ ದಿನಾ ಮಧ್ಯಾಹ್ನ ಯಜಮಾನರ ಟೋಪಿ ಕಾಣಿಸತೊಡಗಿತು. ಒಂದು ತಾಸು. ಆಮೇಲೆ ತೆಗೆಯುತ್ತಿದ್ದರು.

ಒಳಗೆ ಏನು ಮಾಡುತ್ತಾರೆ? ನಿದ್ದೆಯೇ? ಮಧ್ಯಾಹ್ನ ಮಲಗುವವರನ್ನು ಕಂಡರೆ ಅವರಿಗೆ ಆಗದು. ಪೂಜೆಯೇ? ಗಂಟೆ ಸದ್ದಿಲ್ಲ. ಗೋಡೆಗೆ ಕಿವಿ ಹಚ್ಚಿದೆ. (ಹೌದು, ಹಚ್ಚಿದೆ.) ಏನೂ ಕೇಳಿಸಲಿಲ್ಲ.

“ನಿಮಗ್ಯಾಕ್ರಿ ಊರ ಉಸಾಬರಿ? ಕಾರ್ಖಾನಿ ಬಿಟ್ರೂ ಇನ್‌ಸ್ಪೆಕ್ಷನ್ ಬಿಡಲಿಲ್ಲ ನೋಡು ಈ ಮನಷಾ!” ಎಂದಳು ನನ್ನಾಕೆ.

ಮರುದಿನ ಟೋಪಿ ಇದ್ದಾಗಲೇ ಬಾಗಿಲು ಬಡಿದೆ. “ಅಕ್ಕಾರ, ನಿಮಗ ಫೋನ್ ಬಂದೈತಿ. ಊರಿಂದ.”

ಸುಮಿತ್ರಕ್ಕ ಬರಿಗಾಲಲ್ಲಿ ಓಡಿದರು. ಊರಲ್ಲಿ ಕಾಯಿಲೆಯ ತಂಗಿ ಇದ್ದಾಳೆ ಎಂಬುದು ನನಗೆ ಆಗ ನೆನಪಾಯಿತು. ನೆನಪಾದರೂ ತಡೆಯಲಿಲ್ಲ, ಒಳಗೆ ಇಣುಕಿದೆ. ಕಿಟಕಿಯ ಬಳಿ ಒಂದು ಕುರ್ಚಿ. ಪಕ್ಕದಲ್ಲಿ ಚಹಾದ ಲೋಟ. ಇನ್ನೇನೂ ಇಲ್ಲ. ಪುಸ್ತಕವಿಲ್ಲ, ರೇಡಿಯೋ ಇಲ್ಲ. ಸುಮ್ಮನೆ ಕೂತಿದ್ದರು!

ಹಾಲ್‌ನಿಂದ ಬಿಳಿಚಿಕೊಂಡು ಮರಳಿದ ಅವರಿಗೆ, “ಲೈನ್ ಕಟ್ ಆತೇನೋ” ಎಂದೆ. ಸುಳ್ಳಿಗೆ ಜೊತೆ ಬೇಕಲ್ಲ?

ಅಲ್ಲಿಗಾದರೂ ನಿಲ್ಲಿಸಿದೆನೇ? ಭಾನುವಾರ ಸುಮಿತ್ರಕ್ಕ ಪಲ್ಯ ತರಲು ಎದ್ದು ಹೋದಾಗ ಪಂಕ್ತಿಯಲ್ಲಿ ಬಾಯಿ ಬಿಟ್ಟೆ. “ಪಾಪ, ಒಬ್ಬರೇ ಕಿಟಕಿ ನೋಡ್ಕೋತ ಕೂತಿರ್ತಾರ.”

ನಮ್ಮ ಜನ ಒಳ್ಳೆಯವರು. ಅದೇ ತೊಂದರೆ. ಮರುದಿನದಿಂದ ಸುಮಿತ್ರಕ್ಕನಿಗೆ ಕಂಪನಿ ಕೊಡಲು ಸರದಿ ಶುರುವಾಯಿತು. ಒಬ್ಬರು ಅವಲಕ್ಕಿ ಹಿಡಿದು, ಒಬ್ಬರು ಹೆಣಿಗೆ ಹಿಡಿದು, ನನ್ನಾಕೆಯೂ ಮೆಣಸಿನಕಾಯಿ ಬಿಡಿಸುವ ನೆಪದಲ್ಲಿ. ಟೋಪಿಗೆ ಬೆಲೆ ಹೋಯಿತು. ನಾಲ್ಕು ದಿನದಲ್ಲಿ ಟೋಪಿಯೇ ಹೋಯಿತು.

ಬದಲಿಗೆ ಬಾಗಿಲಿಗೆ ಬೀಗ. “ಬಜಾರಕ್ಕ ಹೋಗಿ ಬರ್ತೀನ್ರಿ” ಎಂದು ಸುಮಿತ್ರಕ್ಕ ದಿನಾ ಮಧ್ಯಾಹ್ನ ಬಸ್ ಹತ್ತತೊಡಗಿದರು. ಬರುವಾಗ ಚೀಲ ಖಾಲಿ. ದಿನಾ ಖಾಲಿ ಚೀಲ ತರಲು ಯಾವ ಬಜಾರು?

ಉತ್ತರ ತಾನಾಗಿ ಸಿಕ್ಕಿತು. ಮಾತ್ರೆ ತರಲು ಕೋಠಿ ಪೇಟೆಗೆ ಹೋಗಿದ್ದೆ. ಅಲ್ಲಿಂದ ಸುಲ್ತಾನ್ ಬಜಾರಿಗೆ ಹೊರಳಿದರೆ ತಳ್ಳುಗಾಡಿ, ಆಟೋ ಹಾರ್ನು, ಬಳೆಯವರ ಕೂಗು. ಅದರ ನಡುವೆ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಸುಮಿತ್ರಕ್ಕ. ಮಡಿಲಲ್ಲಿ ಖಾಲಿ ಚೀಲ. ಸುಮ್ಮನೆ ಕೂತಿದ್ದರು. ಅಷ್ಟು ಜನರಲ್ಲಿ ಒಬ್ಬರೂ “ಏನ್ ಮಾಡಾಕತ್ತೀರಿ?” ಎಂದು ಕೇಳುತ್ತಿರಲಿಲ್ಲ.

ಸ್ವಂತ ಮನೆ ಇದ್ದವರು ಸುಮ್ಮನೆ ಕೂರಲು ಎರಡು ಬಸ್ ಬದಲಿಸಿ ಬಂದಿದ್ದರು. ಬರುವಂತೆ ಮಾಡಿದವನು ನಾನು.

ಕಾಲುಗಳು ಅವರತ್ತ ಎರಡು ಹೆಜ್ಜೆ ಹೋದವು. (ಚಟ ನೋಡಿ.) ಹಿಡಿದು ನಿಲ್ಲಿಸಿ, ತಿರುಗಿ, ಮಾತ್ರೆಯನ್ನೂ ಕೊಳ್ಳದೆ ಬಸ್ ಹತ್ತಿದೆ.

ಮೊನ್ನೆ ಭಾನುವಾರ, ಸಾರು ಬಡಿಸುವ ಮೊದಲೇ ಎದ್ದು ನಿಂತೆ. “ಅಕ್ಕಾರ, ಅವತ್ತ ಫೋನ್ ಬಂದಿರಲಿಲ್ಲ. ಟೋಪಿ ಇದ್ದಾಗ್ಲೇ ನಿಮ್ಮ ಮನಿಯೊಳಗ ಇಣುಕಾಕ ಸುಳ್ಳ ಹೇಳಿದೆ. ನಂದು ತಪ್ಪಾತು.” ಸುಲ್ತಾನ್ ಬಜಾರಿನ ಮಾತು ಎತ್ತಲಿಲ್ಲ.

ನನ್ನಾಕೆ ತಲೆ ತಗ್ಗಿಸಿದಳು.

“ಗೊತ್ತೈತ್ರಿ ಅಣ್ಣಾರ” ಎಂದರು ಸುಮಿತ್ರಕ್ಕ. “ಓಡೂಮುಂದ ಹೊಳೀಲಿಲ್ಲ. ಫೋನ್ ಬಂದ್ರ ಆರೂ ಮನಿಗೆ ಗಂಟಿ ಕೇಳಸ್ತೈತಿ. ವಾಪಸ್ ಬಂದ ಮ್ಯಾಲ ತಿಳೀತು. ಆದ್ರ ಆ ಹಾಲ್ ತಲಪೂತನಕ ನನ್ನ ತಂಗಿ ನನ್ನ ಪಾಲಿಗೆ ಸತ್ತೇ ಹೋಗಿದ್ಲು ನೋಡ್ರಿ.”

ಆಮೇಲೆ ನನ್ನ ಎಲೆಗೆ ಅನ್ನ ಬಡಿಸಿದರು.

ಸೋಮವಾರ ಮಧ್ಯಾಹ್ನ ಯಾರೂ ಅವಲಕ್ಕಿ ಒಯ್ಯಲಿಲ್ಲ. ಸುಮಿತ್ರಕ್ಕನ ಚಿಲಕದಲ್ಲಿ ಯಜಮಾನರ ಟೋಪಿ ಕಂಡಿತು. ಇವತ್ತೂ ಇದೆ. ಅದನ್ನು ನೋಡುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಒಂದೇ ಒಂದು ಪ್ರಶ್ನೆ ಮಾತ್ರ ಉಳಿದಿದೆ: ಅವತ್ತು ಸುಲ್ತಾನ್ ಬಜಾರಿನಲ್ಲಿ ನಾನು ತಿರುಗಿ ಹೋದದ್ದನ್ನು ಅವರು ನೋಡಿದ್ದರೇ?

ಕೇಳಬಹುದು. ಆದರೆ ಬಾಗಿಲಲ್ಲಿ ಟೋಪಿ ಇದೆ.